ಎಬಿಐ 1.46 ಬಂದಿದೆ, ಆದರೂ ಬೆರಳಿನ ಗಾಯ ಮಾಯುತ್ತಿಲ್ಲ

ಪ್ರಶ್ನೆ: ನಮ್ಮದು ಸಿಂಧನೂರಿನ ಹತ್ತಿರದ ಹಳ್ಳಿ. ಅಪ್ಪನಿಗೆ 63 ವರ್ಷ, 16 ವರ್ಷದಿಂದ ಶುಗರ್ ಇದೆ. ಬೀಡಿ ಸೇದುತ್ತಾರೆ, ಈಗ ದಿನಕ್ಕೆ ನಾಲ್ಕೈದಕ್ಕೆ ಇಳಿಸಿದ್ದಾರೆ. ಎರಡು ವರ್ಷದಿಂದ ಸ್ವಲ್ಪ ದೂರ ನಡೆದರೆ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ನಿಂತರೆ ಬಿಡುತ್ತಿತ್ತು. ‘ನರದ ವೀಕ್ನೆಸ್’ ಅಂತ ವರ್ಷವಿಡೀ ವಿಟಮಿನ್ ಮಾತ್ರೆ ಕೊಟ್ಟರು. ಈಗ ಮೂರು ವಾರದಿಂದ ಬಲಗಾಲಿನ ಕಿರುಬೆರಳಲ್ಲಿ ಗಾಯ ಆಗಿ ತುದಿ ಕಪ್ಪಾಗಿದೆ. ರಾತ್ರಿ ಮಂಚದಿಂದ ಕಾಲು ಇಳಿಬಿಟ್ಟುಕೊಂಡೇ ಕೂರುತ್ತಾರೆ. ಎಬಿಐ ಅನ್ನುವ ಟೆಸ್ಟ್ ಮಾಡಿಸಿದೆವು. ಬಲಗಾಲು 1.46, ಎಡಗಾಲು 0.82. ‘ಬಲಗಾಲಿನ ರಕ್ತ ಓಡಾಟ ಚೆನ್ನಾಗಿದೆ’ ಅಂದರು. ಬೆಂಗಳೂರಿನ ಇನ್ನೊಬ್ಬ ಡಾಕ್ಟರು ಬ್ಲಾಕ್ ಇದೆ, ಬಲೂನ್ ಅಥವಾ ಬೈಪಾಸ್ ಬೇಕಾಗಬಹುದು ಅಂದರು. ಕಾಲಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುವ ಒಂದು ಸಂಶೋಧನೆ ನಡೀತಿದೆ, ಸೇರಬಹುದು ಅಂತಲೂ ಹೇಳಿದರು. ಅಪ್ಪನನ್ನು ಪ್ರಯೋಗಪಶು ಮಾಡಬೇಡಿ ಅಂತ ಅಣ್ಣ ಹಟ ಹಿಡಿದಿದ್ದಾನೆ. ಪರಿಚಯದವರೊಬ್ಬರು ಡ್ರಿಪ್ ಹಾಕಿ ರಕ್ತನಾಳ ತೊಳೆಯುವ ಚಿಕಿತ್ಸೆ ಇದೆ, ಆಪರೇಷನ್ನೇ ಬೇಡ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ಉಳಿದದ್ದನ್ನು ಬಸ್ಸಿನಲ್ಲಿ ಕೂತು ಓದಿಕೊಳ್ಳಿ. ಶುಗರ್ ಇರುವವರ ಬೆರಳು ಕಪ್ಪಾಗಿದೆ, ರಾತ್ರಿ ಕಾಲು ಇಳಿಬಿಟ್ಟರೆ ಮಾತ್ರ ನೋವು ತಡೆಯಲು ಆಗುತ್ತದೆ ಅಂದರೆ ಅದು ವಾರಗಟ್ಟಲೆ ಕಾಯುವ ಸ್ಥಿತಿ ಅಲ್ಲ. ನಾಳೆ ನಾಡಿದ್ದರಲ್ಲೇ ರಕ್ತನಾಳದ ಸರ್ಜನ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಾಯದಿಂದ ವಾಸನೆ ಬಂದರೆ, ಕೆಂಪು ಪಾದಕ್ಕೆ ಹಬ್ಬಿದರೆ, ಜ್ವರ ಬಂದರೆ ಅವತ್ತೇ ಹೊರಡಿ. ಕಾಲು ಇದ್ದಕ್ಕಿದ್ದಂತೆ ತಣ್ಣಗೆ ಬಿಳಿಚಿಕೊಂಡು ಬೆರಳು ಆಡಿಸಲು ಆಗದೇ ಹೋದರೆ ಬೆಳಗಾಗುವುದನ್ನೂ ಕಾಯಬೇಡಿ.

ಇನ್ನು ಆ 1.46. ಅದು ಒಳ್ಳೆಯ ಸಂಖ್ಯೆ ಅಲ್ಲ. ನಿಮ್ಮನ್ನು ದಾರಿ ತಪ್ಪಿಸಿರುವುದೇ ಅದು.

ಎಬಿಐ ಅಂದರೆ ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದಾಗ ಬರುವ ಲೆಕ್ಕ. ತೋಳಿನಲ್ಲಿ 140, ಕಣಕಾಲಿನಲ್ಲಿ 70 ಇದ್ದರೆ 0.5. 1.0ರಿಂದ 1.4ರವರೆಗೆ ಸರಿ, 0.9 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದು ಅರ್ಥ. 1.4 ದಾಟಿದರೆ? ‘ಇನ್ನೂ ಚೆನ್ನಾಗಿದೆ’ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆ ಟೆಸ್ಟ್ ಹೇಗೆ ನಡೆಯುತ್ತದೆ ಅಂತ ಹೇಳಿದರೆ ನಿಮಗೇ ಗೊತ್ತಾಗುತ್ತದೆ. ರೋಗಿಯನ್ನು ಹತ್ತು ನಿಮಿಷ ಅಂಗಾತ ಮಲಗಿಸುತ್ತೇವೆ. ಕಣಕಾಲಿಗೆ ಬಿಪಿ ಪಟ್ಟಿ ಕಟ್ಟಿ, ಪಾದದ ಮೇಲೆ ಜೆಲ್ ಹಚ್ಚಿ, ಪೆನ್ನಿನಂಥ ಡಾಪ್ಲರ್ ಇಡುತ್ತೇವೆ. ‘ಶ್ಶೂ, ಶ್ಶೂ’ ಅಂತ ರಕ್ತ ಓಡುವ ಸದ್ದು ಕೇಳುತ್ತದೆ. ಪಟ್ಟಿಗೆ ಗಾಳಿ ತುಂಬುತ್ತಾ ಹೋದರೆ ಒಂದು ಹಂತದಲ್ಲಿ ರಕ್ತನಾಳ ಅದುಮಿಕೊಂಡು ಸದ್ದು ನಿಲ್ಲಬೇಕು. ಬಹಳ ವರ್ಷ ಶುಗರ್ ಇದ್ದವರ ರಕ್ತನಾಳದ ಗೋಡೆಯಲ್ಲಿ ಸುಣ್ಣದ ಅಂಶ ಕೂತು ಅದು ಕೊಳವೆಯ ಹಾಗೆ ಗಟ್ಟಿಯಾಗಿರುತ್ತದೆ. 200 ಆಯಿತು, 220 ಆಯಿತು, ಪಟ್ಟಿ ಬಿಗಿದು ರೋಗಿ ಮುಖ ಕಿವುಚುತ್ತಾರೆ, ಆದರೂ ಸದ್ದು ನಿಲ್ಲುವುದಿಲ್ಲ. ನಾಳ ಅದುಮಿಕೊಳ್ಳಲಿಲ್ಲ ಅಂತ ಯಂತ್ರ ದೊಡ್ಡ ಸಂಖ್ಯೆ ಕೊಡುತ್ತದೆ, ಅಷ್ಟೇ. ಒಳಗೆ ರಕ್ತ ಎಷ್ಟು ಹೋಗುತ್ತಿದೆ ಎಂಬುದಕ್ಕೆ ಅದು ಉತ್ತರವೇ ಅಲ್ಲ.

ಹೀಗಾದಾಗ ಹೆಬ್ಬೆರಳಿಗೆ ಪುಟ್ಟ ಪಟ್ಟಿ ಕಟ್ಟಿ ಅಲ್ಲಿನ ಒತ್ತಡ ನೋಡಬೇಕು. ಬೆರಳಿನ ಸಣ್ಣ ನಾಳಗಳಲ್ಲಿ ಸುಣ್ಣ ಕೂರುವುದು ಕಡಿಮೆ. ತೋಳಿನ ಜೊತೆ ಹೋಲಿಸಿದಾಗ ಈ ಲೆಕ್ಕ 0.7ಕ್ಕಿಂತ ಕಡಿಮೆ ಬಂದರೆ ತೊಂದರೆ ಇದೆ. ಬೆರಳಿನ ಒತ್ತಡವೇ 30ಕ್ಕಿಂತ ಕಡಿಮೆ ಇದ್ದರೆ ರಕ್ತ ಹರಿಯುವ ದಾರಿ ಮಾಡಿಕೊಡದೆ ಗಾಯ ಮಾಯುವುದು ಕಷ್ಟ. ಗಾಯ ಇರುವ ಶುಗರ್ ರೋಗಿಗೆ ಈ ಟೆಸ್ಟ್ ಮಾಡದೆ ‘ನಾರ್ಮಲ್’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇದಾದ ಮೇಲೆ ಡಾಪ್ಲರ್ ಸ್ಕ್ಯಾನ್, ಬೇಕಿದ್ದರೆ ಆಂಜಿಯೋಗ್ರಾಮ್. ಆಂಜಿಯೋಗ್ರಾಮಿನ ಡೈ ಕಿಡ್ನಿಗೆ ಭಾರ ಆಗಬಹುದು, ಆದ್ದರಿಂದ ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆಯ ಸಂಖ್ಯೆ ಎಷ್ಟಿದೆ ಅಂತ ಮೊದಲೇ ತೋರಿಸಿ.

‘ನರದ ವೀಕ್ನೆಸ್’ ಬಗ್ಗೆಯೂ ಒಂದು ಮಾತು. ನಮ್ಮ ಆಡುಮಾತಿನಲ್ಲಿ ‘ನರ’ ಅನ್ನುವ ಒಂದೇ ಪದಕ್ಕೆ ಮೂರು ಅರ್ಥ. ಇಂಜೆಕ್ಷನ್ ಚುಚ್ಚಲು ನರ್ಸ್ ಕೈಯಲ್ಲಿ ಹುಡುಕುವುದೂ ನರ, ಜೋಮು ಹಿಡಿಯುವುದೂ ನರ, ಬ್ಲಾಕ್ ಆಗುವುದೂ ನರ. ಇದರಿಂದ ಎಷ್ಟೋ ಮನೆಗಳಲ್ಲಿ ರಕ್ತನಾಳದ ಕಾಯಿಲೆಗೆ ವರ್ಷಗಟ್ಟಲೆ ಬೇರೆ ಮದ್ದು ನಡೆದಿರುತ್ತದೆ. ಅರ್ಧಂಬರ್ಧ ಗೊಂದಲ ವೈದ್ಯರಿಗೂ ಆಗುತ್ತದೆ, ಏಕೆಂದರೆ ಶುಗರ್ ಜೋಮು ಹಿಡಿಯುವ ನರ, ರಕ್ತನಾಳ ಎರಡನ್ನೂ ಕೆಡಿಸುತ್ತದೆ. ನರದ ಉರಿ ಕೂತರೂ ಇರುತ್ತದೆ, ನಡೆದರೂ ಇರುತ್ತದೆ, ಸಾಮಾನ್ಯವಾಗಿ ಎರಡೂ ಪಾದಕ್ಕೆ ಬರುತ್ತದೆ. ರಕ್ತ ಸಾಲದ ನೋವು ಲೆಕ್ಕ ಹಾಕಿದಂತೆ ಅಷ್ಟೇ ದೂರಕ್ಕೆ ಬರುತ್ತದೆ, ಎರಡು ನಿಮಿಷ ನಿಂತರೆ ಹೋಗುತ್ತದೆ. ನಿಮ್ಮ ತಂದೆ ಹೇಳಿದ್ದು ಎರಡನೆಯದು.

ನಿಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಕಡಿಮೆ ಆದಾಗ ಮೊದಲು ಒಣಗುವುದು ಕೊನೆ ಭಾಗದ ಗದ್ದೆ, ಅಲ್ವಾ? ಕಾಲಿನಲ್ಲಿ ಆ ಕೊನೆ ಭಾಗ ಅಂದರೆ ಬೆರಳು. ಶುರುವಿನಲ್ಲಿ ನಡೆಯುವಾಗ ಮಾತ್ರ ರಕ್ತ ಸಾಲುವುದಿಲ್ಲ. ಆಮೇಲೆ ಮಲಗಿದ್ದಾಗಲೂ ಸಾಲುವುದಿಲ್ಲ. ಕಾಲು ಇಳಿಬಿಟ್ಟರೆ ಇಳಿಜಾರಿಗೆ ಹರಿದ ಹಾಗೆ ಒಂದಿಷ್ಟು ಇಳಿಯುತ್ತದೆ, ನೋವು ಕಡಿಮೆ ಆಗುತ್ತದೆ. ಪಾದ ಊದಿದೆ ಅಂತ ಯಾರಾದರೂ ದಿಂಬಿನ ಮೇಲೆ ಎತ್ತಿ ಇಡಲು ಹೇಳಿದರೆ ಈ ಕಾಲಿಗೆ ಅದು ಬೇಡ. ಬಿಸಿನೀರಿನಲ್ಲಿ ಅದ್ದುವುದು, ಬಿಸಿ ಎಣ್ಣೆ ತಿಕ್ಕುವುದು ಎರಡೂ ಬೇಡ. ಸ್ಪರ್ಶ ಗೊತ್ತಾಗದ ಪಾದ ಸುಟ್ಟರೂ ಗೊತ್ತಾಗುವುದಿಲ್ಲ.

‘ಒಂದು ಬೆರಳು ತೆಗೆದರೆ ಕಾಲೇ ಹೋಗುತ್ತೆ’ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಲಾರೆ. ಜನ ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ. ರಕ್ತದ ದಾರಿ ಸರಿ ಮಾಡದೆ ಬೆರಳು ಕತ್ತರಿಸಿದರೆ ಆ ಹೊಸ ಗಾಯವೂ ಮಾಯುವುದಿಲ್ಲ. ಮತ್ತೆ ಪಾದ, ಮತ್ತೆ ಮೊಣಕಾಲಿನ ಕೆಳಗೆ ಅಂತ ಮೇಲೆ ಮೇಲೆ ಹೋಗುತ್ತದೆ. ಮೊದಲು ರಕ್ತ, ಆಮೇಲೆ ಕತ್ತರಿ. ಕೀವು ತುಂಬಿ ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಈ ಕ್ರಮ ಬದಲಾಗುತ್ತದೆ. ಆಗ ಕೀವನ್ನು ತಕ್ಷಣ ಹೊರಗೆ ಹಾಕಲೇಬೇಕು.

ಈಗ ಬಲೂನೋ ಬೈಪಾಸೋ ಅನ್ನುವ ಪ್ರಶ್ನೆ. ಬಲೂನ್ ಅಂದರೆ ಕಿರಿದಾದ ನಾಳದೊಳಗೆ ಪುಟ್ಟ ಬಲೂನ್ ಉಬ್ಬಿಸಿ ದಾರಿ ಅಗಲ ಮಾಡುವುದು. ಬೈಪಾಸ್ ಅಂದರೆ ಆಪರೇಷನ್ ಮಾಡಿ, ಸಾಮಾನ್ಯವಾಗಿ ರೋಗಿಯದೇ ಸಿರೆಯನ್ನು (ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ) ಜೋಡಿಸಿ, ಬ್ಲಾಕ್ ಬಳಸಿ ಹೋಗುವ ಹೊಸ ದಾರಿ ಮಾಡುವುದು. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 82 ವರ್ಷದ ಒಬ್ಬ ಅಜ್ಜಿ ಗ್ಯಾಂಗ್ರೀನ್ ಆದ ಕಾಲನ್ನು ಕತ್ತರಿಸಲು ಒಪ್ಪಲಿಲ್ಲ. ಚಾರ್ಲ್ಸ್ ಡಾಟರ್ ಎಂಬ ರೇಡಿಯಾಲಜಿ ವೈದ್ಯರು ತೊಡೆಯ ರಕ್ತನಾಳದೊಳಗೆ ತೂರುನಳಿಕೆ ಹಾಕಿ ದಾರಿ ಅಗಲ ಮಾಡಿದರು. ಕಾಲು ಉಳಿಯಿತು. ಹೃದಯಕ್ಕೆ ಬಲೂನ್ ಬರುವ ಮೊದಲೇ ಕಾಲಿನಲ್ಲಿ ಇದು ನಡೆದಿತ್ತು. ಅಲ್ಲಿಂದ ಸುಮಾರು 60 ವರ್ಷ ಕಳೆದ ಮೇಲೆ ‘ಯಾರಿಗೆ ಯಾವುದು’ ಅಂತ ದೊಡ್ಡ ಮಟ್ಟದಲ್ಲಿ ಹೋಲಿಸಿದ ಎರಡು ಅಧ್ಯಯನಗಳು ಬಂದವು. ಎರಡೂ ಬೇರೆ ಬೇರೆ ಉತ್ತರ ಕೊಟ್ಟವು.

2022ರಲ್ಲಿ ಬಂದ ಬೆಸ್ಟ್-ಸಿಎಲ್‌ಐ ಅಧ್ಯಯನದಲ್ಲಿ 1,830 ರೋಗಿಗಳಿದ್ದರು, ಎಲ್ಲರದ್ದೂ ನಿಮ್ಮ ತಂದೆಯಂಥ ಗಂಭೀರ ಸ್ಥಿತಿಯೇ. ಬೈಪಾಸಿಗೆ ಬೇಕಾದ ಒಳ್ಳೆಯ ಸಿರೆ ಅವರದೇ ಕಾಲಿನಲ್ಲಿ ಇದ್ದವರ ಗುಂಪಿನಲ್ಲಿ, ಕಾಲಿಗೆ ದೊಡ್ಡ ತೊಂದರೆ ಅಥವಾ ಸಾವು ಆದದ್ದು ಬೈಪಾಸ್ ಆದವರಲ್ಲಿ 42.6%, ಬಲೂನ್ ಕಡೆಯವರಲ್ಲಿ 57.4%. ಒಳ್ಳೆಯ ಸಿರೆ ಇಲ್ಲದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಬ್ರಿಟನ್, ಸ್ವೀಡನ್, ಡೆನ್ಮಾರ್ಕ್‌ನ 345 ರೋಗಿಗಳ ಬೇಸಿಲ್-2 ಅಧ್ಯಯನ ಬಂತು. ಅಲ್ಲಿ ಮೊಣಕಾಲಿನ ಕೆಳಗಿನ ನಾಳಗಳನ್ನು ಸರಿ ಮಾಡಬೇಕಾದವರನ್ನೇ ನೋಡಿದರು. ಕಾಲು ಕಳೆದುಕೊಂಡವರು ಅಥವಾ ತೀರಿಕೊಂಡವರು ಬೈಪಾಸ್ ಗುಂಪಿನಲ್ಲಿ 63%, ಬಲೂನ್ ಗುಂಪಿನಲ್ಲಿ 53%. ಅಂದರೆ ಇಲ್ಲಿ ಬಲೂನ್ ಮೇಲು. ಈ ವ್ಯತ್ಯಾಸ ಬಂದದ್ದು ಮುಖ್ಯವಾಗಿ ಸಾವುಗಳಿಂದ.

ಎರಡನ್ನೂ ಇಟ್ಟುಕೊಂಡು ಓದಿದಾಗ ನನಗೆ ಗೊಂದಲಕ್ಕಿಂತ ಜಾಸ್ತಿ ಸಹಾಯವೇ ಆಗಿದೆ. ಬೆಸ್ಟ್-ಸಿಎಲ್‌ಐನಲ್ಲಿ ದೊಡ್ಡ ಮರು-ಚಿಕಿತ್ಸೆ ಬೇಕಾಗುವುದನ್ನೂ ತೊಂದರೆ ಅಂತ ಎಣಿಸಿದ್ದಾರೆ, ಬೇಸಿಲ್-2ರಲ್ಲಿ ಎಣಿಸಿಲ್ಲ. ನಾಳದ ಯಾವ ಭಾಗ ಕೆಟ್ಟಿತ್ತು ಎಂಬುದೂ ಬೇರೆ. ಹಾಗಾಗಿ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಹೃದಯ, ಶ್ವಾಸಕೋಶ ದೊಡ್ಡ ಆಪರೇಷನ್ ತಡೆಯುತ್ತವೆಯೇ? ತೊಡೆಯ ಒಳಭಾಗದ ಉದ್ದನೆಯ ಸಿರೆ ಸ್ಕ್ಯಾನಿನಲ್ಲಿ ಒಳ್ಳೆಯದಾಗಿ ಕಾಣುತ್ತಿದೆಯೇ? ಬ್ಲಾಕ್ ಎಷ್ಟು ಉದ್ದ, ಎಲ್ಲಿದೆ? ಹೃದಯ ಗಟ್ಟಿ, ಸಿರೆ ಚೆನ್ನಾಗಿದೆ, ಬ್ಲಾಕ್ ಉದ್ದವಾಗಿದೆ ಅಂದರೆ ಬೈಪಾಸ್ ಕಡೆ ವಾಲುತ್ತೇನೆ. ಹೃದಯ ದುರ್ಬಲ, ಸಿರೆ ಇಲ್ಲ ಅಂದರೆ ಬಲೂನ್. ಬೈಪಾಸಿನಲ್ಲಿ ಹೊಲಿಗೆ ಜಾಗ ಕೀವಾಗುವುದು, ಹೃದಯಕ್ಕೆ ಒತ್ತಡ, ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರುವುದು ಇವೆಲ್ಲ ಇವೆ. ಬಲೂನ್ ಸಣ್ಣ ಚುಚ್ಚಿನಲ್ಲಿ ಮುಗಿಯುತ್ತದೆ, ಆದರೆ ನಾಳ ಮತ್ತೆ ಮುಚ್ಚಿಕೊಳ್ಳುವುದು ಜಾಸ್ತಿ. ಮತ್ತೊಂದು ಸಲ ಬರಬೇಕಾಗುತ್ತದೆ ಅಂತ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಹಣದ ಲೆಕ್ಕದಲ್ಲೂ ಇಟ್ಟುಕೊಳ್ಳಿ. ನಿಮ್ಮ ಡಾಕ್ಟರನ್ನು ಕೇಳಬೇಕಾದದ್ದು ‘ಸಿರೆಯ ಸ್ಕ್ಯಾನ್ ಮಾಡಿದಿರಾ?’ ಅಂತ. ಬೈಪಾಸ್ ಬೇಡ ಅನ್ನುವ ಮೊದಲು ಆ ಸ್ಕ್ಯಾನ್ ಆಗಿರಬೇಕು.

ಔಷಧ ಲೇಪಿಸಿದ ಬಲೂನ್ ಬಗ್ಗೆ ಹೇಳಿದರೆ ಹೆದರಬೇಡಿ. ನಾಳ ಮತ್ತೆ ಮುಚ್ಚಿಕೊಳ್ಳದಂತೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧ ಲೇಪಿಸಿದ ಸಾಧನಗಳಿಂದ ಸಾವು ಹೆಚ್ಚಾಗಬಹುದು ಅಂತ 2018ರ ಡಿಸೆಂಬರಿನಲ್ಲಿ ಒಂದು ವಿಶ್ಲೇಷಣೆ ಬಂದು ಜಗತ್ತಿನಾದ್ಯಂತ ನಮ್ಮ ವೃತ್ತಿಯವರೆಲ್ಲ ಕಂಗಾಲಾಗಿದ್ದೆವು. ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆ ಕೊಟ್ಟರು. ಸಂಶೋಧಕರು ಹಳೆಯ ರೋಗಿಗಳನ್ನೆಲ್ಲ ಮತ್ತೆ ಹುಡುಕಿ ವರ್ಷಗಟ್ಟಲೆ ಲೆಕ್ಕ ಹಾಕಿದರು. ಅಂಥ ಅಪಾಯಕ್ಕೆ ಆಧಾರ ಇಲ್ಲ ಅಂತ 2023ರಲ್ಲಿ ಅದೇ ನಿಯಂತ್ರಕರು ಹೇಳಿದರು.

ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶದ ವಿಷಯಕ್ಕೆ ಬರುತ್ತೇನೆ. ನಿಮ್ಮ ಮನೆಯ ಜಗಳ ಇದರ ಬಗ್ಗೆಯೇ ಅಲ್ವಾ? ಹೊಸ ರಕ್ತನಾಳ ಬೆಳೆಸುವ ಆಸೆ ಹಳೆಯದು. ಫ್ರಾನ್ಸಿನ ಕಂಪನಿಯೊಂದರ ಜೀನ್ ಇಂಜೆಕ್ಷನ್ನನ್ನು 525 ರೋಗಿಗಳಲ್ಲಿ ನೋಡಿದ ಟಮಾರಿಸ್ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಹೋಲಿಸಲೆಂದು ಕೊಟ್ಟ, ಔಷಧ ಇಲ್ಲದ ‘ಖಾಲಿ’ ಇಂಜೆಕ್ಷನ್ ಪಡೆದವರಿಗೂ ಜೀನ್ ಇಂಜೆಕ್ಷನ್ ಪಡೆದವರಿಗೂ ವ್ಯತ್ಯಾಸ ಇರಲಿಲ್ಲ. 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಜುವೆಂಟಾಸ್ ಅಧ್ಯಯನ ಬಂತು. ಅದರಲ್ಲಿ 160 ರೋಗಿಗಳು. ಅರ್ಧ ಜನಕ್ಕೆ ಅವರದೇ ಮೂಳೆಮಜ್ಜೆಯ ಕೋಶ, ಉಳಿದವರಿಗೆ ಖಾಲಿ ದ್ರವ, ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ನೋವು ಕಡಿಮೆ ಆಯಿತು ಅಂತ ಎರಡೂ ಗುಂಪಿನವರು ಹೇಳಿದರು! ಕಾಲು ಕಳೆದುಕೊಂಡವರ ಲೆಕ್ಕದಲ್ಲಿ ಕೋಶ ಪಡೆದವರಿಗೆ ಲಾಭ ಸಿಗಲಿಲ್ಲ. ‘ಇಂಜೆಕ್ಷನ್ ಆದ ಮೇಲೆ ನಮ್ಮ ಮಾವನ ಗಾಯ ಒಣಗಿತು’ ಅಂತ ಯಾರಾದರೂ ಹೇಳಿದಾಗ ನನಗೆ ಈ ಅಧ್ಯಯನ ನೆನಪಾಗುತ್ತದೆ. ಖಾಲಿ ದ್ರವ ಪಡೆದವರಲ್ಲೂ ಒಣಗಿದವರಿದ್ದರು. ನಿಗಾ, ಡ್ರೆಸ್ಸಿಂಗ್, ತಂಬಾಕು ಬಿಡುವುದು ಇವುಗಳಿಂದಲೂ ಗಾಯ ಮಾಯುತ್ತದೆ.

ನಮ್ಮ ಬೆಂಗಳೂರಿನಲ್ಲೇ ಈ ಕ್ಷೇತ್ರದಲ್ಲಿ ಕೆಲಸ ಆಗಿದೆ. ಇಲ್ಲಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ‘ಸ್ಟೆಂಪ್ಯುಸೆಲ್’ ಎಂಬ ಕೋಶ-ಔಷಧಕ್ಕೆ 2016ರಲ್ಲಿ ಬರ್ಜರ್ಸ್ ಕಾಯಿಲೆಯಿಂದ ಕಾಲು ಕೆಟ್ಟವರಿಗಾಗಿ ಕೇಂದ್ರದ ಔಷಧ ನಿಯಂತ್ರಕರು ಸೀಮಿತ ಅನುಮತಿ ಕೊಟ್ಟರು. 2020ರಲ್ಲಿ ಕೊಬ್ಬು ಕಟ್ಟಿ ಕಿರಿದಾದ ನಾಳಗಳ ಕಾಯಿಲೆಗೂ ಅನುಮತಿ ಸಿಕ್ಕಿತು. ಮೀನಖಂಡಕ್ಕೆ ಚುಚ್ಚುತ್ತಾರೆ. ಬರ್ಜರ್ಸ್ ಎಂದರೆ ಬೀಡಿ ಸಿಗರೇಟು ಸೇದುವ, ಹೆಚ್ಚಾಗಿ 45ರ ಒಳಗಿನ ಗಂಡಸರ ಸಣ್ಣ ನಾಳಗಳು ಮುಚ್ಚುವ ಕಾಯಿಲೆ. ನಿಮ್ಮ ತಂದೆಯದು ಅದಲ್ಲ ಅನ್ನಿಸುತ್ತದೆ. ಬರ್ಜರ್ಸ್ ಅನುಮತಿಗೆ ಆಧಾರವಾದ 90 ರೋಗಿಗಳ ಅಧ್ಯಯನದಲ್ಲಿ ನೋವು, ಗಾಯ ಎರಡರಲ್ಲೂ ಸುಧಾರಣೆ ಕಂಡಿತ್ತು. ಆದರೆ ಯಾರಿಗೆ ಏನು ಕೊಡುತ್ತಿದ್ದಾರೆ ಅಂತ ಎಲ್ಲರಿಗೂ ಗೊತ್ತಿದ್ದ ಅಧ್ಯಯನ ಅದು. ಜುವೆಂಟಾಸ್ ನೋಡಿದವರಿಗೆ ಆ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಗೊತ್ತು. ನನ್ನ ಅಭಿಪ್ರಾಯ ಇಷ್ಟೇ: ಬಲೂನ್ ಅಥವಾ ಬೈಪಾಸ್ ಆಗುವ ಕಾಲಿಗೆ ಅದೇ ಮೊದಲು. ಎರಡೂ ಸಾಧ್ಯ ಇಲ್ಲ ಅಂತ ಇಬ್ಬರು ಅನುಭವಿ ಸರ್ಜನ್‌ಗಳು ಹೇಳಿದ ಕಾಲಿಗೆ ಕೋಶ ಚಿಕಿತ್ಸೆಯನ್ನು ಯೋಚಿಸಬಹುದು.

ಹಾಗಿದ್ದರೆ ಸಂಶೋಧನೆಗೆ ಸೇರುವುದು ತಪ್ಪೇ? ಖಂಡಿತ ಅಲ್ಲ. ನಿಮ್ಮ ಅಣ್ಣನ ಭಯ ನನಗೆ ಅರ್ಥವಾಗುತ್ತದೆ, ಆದರೆ ಮೇಲೆ ನಾನು ಹೇಳಿದ ಒಂದೊಂದು ಸಂಖ್ಯೆಯ ಹಿಂದೆಯೂ ಹೀಗೇ ಯೋಚಿಸಿ ಸಹಿ ಹಾಕಿದ ರೋಗಿಗಳಿದ್ದಾರೆ. ಸಹಿ ಹಾಕುವ ಮೊದಲು ಇಷ್ಟು ನೋಡಿ. ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯ ಸಂಖ್ಯೆ ಕೇಳಿ, 2009ರಿಂದ ಔಷಧ ಪ್ರಯೋಗಗಳಿಗೆ ಅದು ಕಡ್ಡಾಯ. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ಮಾಹಿತಿ ಪತ್ರ ಕನ್ನಡದಲ್ಲೇ ಬೇಕು ಅಂತ ಕೇಳಿ, ಮನೆಗೆ ತಂದು ಓದಿ. ಅಪ್ಪನಿಗೆ ಖಾಲಿ ಇಂಜೆಕ್ಷನ್ ಬರುವ ಸಾಧ್ಯತೆ ಇದೆಯೇ, ಇದ್ದರೆ ಅದರ ಜೊತೆ ಬಲೂನ್, ಡ್ರೆಸ್ಸಿಂಗ್, ಮಾತ್ರೆ ಎಲ್ಲ ನಡೆಯುತ್ತದೆಯೇ ಅಂತ ಕೇಳಿ. ಪ್ರಯೋಗದಿಂದ ತೊಂದರೆ ಆದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ 2019ರ ನಿಯಮದಲ್ಲಿವೆ. ಯಾವಾಗ ಬೇಕಾದರೂ ಹೊರಗೆ ಬರಬಹುದು, ಅದಕ್ಕಾಗಿ ಮುಂದಿನ ಚಿಕಿತ್ಸೆ ನಿಲ್ಲಿಸುವಂತಿಲ್ಲ. ‘ಪ್ರಯೋಗ’ ಅಂತ ಹೇಳಿ ಆ ಇಂಜೆಕ್ಷನ್ನಿಗೆ ದುಡ್ಡು ಕೇಳಿದರೆ ಎದ್ದು ಬನ್ನಿ.

ಡ್ರಿಪ್ ಹಾಕಿ ತೊಳೆಯುವುದು ಅಂದರೆ ಕೀಲೇಶನ್. ಇಡಿಟಿಎ ಎಂಬ ರಾಸಾಯನಿಕವನ್ನು ರಕ್ತಕ್ಕೆ ಬಿಡುತ್ತಾರೆ. ಶುಗರ್ ಇದ್ದು ಒಮ್ಮೆ ಹಾರ್ಟ್ ಅಟ್ಯಾಕ್ ಆದ 1,000 ಜನರಲ್ಲಿ ಇದನ್ನು ಪರೀಕ್ಷಿಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಲಾಭ ಇರಲಿಲ್ಲ. ಡ್ರಿಪ್ ಕ್ಲಿನಿಕ್ಕಿನಲ್ಲಿ ಎರಡು ತಿಂಗಳು ಕಳೆದು, ಪಾದ ಅರ್ಧ ಕಪ್ಪಾದ ಮೇಲೆ ಬಂದವರನ್ನು ನಾನು ನೋಡಿದ್ದೇನೆ. ದುಡ್ಡು ಹೋದದ್ದಕ್ಕಿಂತ ಆ ಎರಡು ತಿಂಗಳು ಹೋದದ್ದು ನನಗೆ ಹೆಚ್ಚು ಸಂಕಟ ಕೊಡುತ್ತದೆ.

ಮಾತ್ರೆಗಳ ಬಗ್ಗೆ ಚುಟುಕಾಗಿ. ಕೊಲೆಸ್ಟ್ರಾಲ್ ನಾರ್ಮಲ್ ಇದ್ದರೂ ಸ್ಟ್ಯಾಟಿನ್ ಬೇಕು. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ಬೇಕು. ಬಲೂನ್ ಅಥವಾ ಬೈಪಾಸ್ ಆದವರಿಗೆ ಆಸ್ಪಿರಿನ್ ಜೊತೆ ಹೆಪ್ಪು ತಡೆಯುವ ಇನ್ನೊಂದು ಮಾತ್ರೆ ರಿವರೋಕ್ಸಬಾನನ್ನು ಕಡಿಮೆ ಡೋಸಿನಲ್ಲಿ ಕೊಟ್ಟ 2020ರ ಅಧ್ಯಯನದಲ್ಲಿ 6,564 ರೋಗಿಗಳಿದ್ದರು. ಮೂರು ವರ್ಷದಲ್ಲಿ ಕಾಲು, ಹೃದಯ, ಮೆದುಳಿನ ದೊಡ್ಡ ತೊಂದರೆಗಳು 19.9%ರಿಂದ 17.3%ಗೆ ಇಳಿದವು. ರಕ್ತಸ್ರಾವ ಸ್ವಲ್ಪ ಜಾಸ್ತಿ ಆಯಿತು. ಹೊಟ್ಟೆಯಲ್ಲಿ ಹುಣ್ಣು ಇದ್ದರೆ, ಹಿಂದೆ ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದರೆ ಮುಚ್ಚಿಡದೆ ಹೇಳಿ. ಇನ್ನು ಬೀಡಿ. ನಾಲ್ಕಕ್ಕೆ ಇಳಿಸಿದ್ದು ಸಣ್ಣ ಕೆಲಸ ಅಲ್ಲ, ಆದರೆ ಈ ಕಾಲಿಗೆ ನಾಲ್ಕೂ ಜಾಸ್ತಿ. ಗದರಿಸಿದರೆ ಕದ್ದು ಸೇದುತ್ತಾರೆ. ನಿಕೋಟಿನ್ ಗಮ್ ಕೊಡಬಹುದೇ ಅಂತ ಡಾಕ್ಟರ ಹತ್ತಿರ ಅವರೆದುರೇ ಕೇಳಿ.

ನಡಿಗೆ ಒಳ್ಳೆಯದಂತೆ ಅಂತ ನಿಮ್ಮ ತಂದೆಯನ್ನು ಈಗ ನಡೆಸಬೇಡಿ. ಗಾಯ ಇರುವ ಪಾದದ ಮೇಲೆ ಭಾರ ಬೀಳಬಾರದು. ಗಾಯ ಇಲ್ಲದ, ನಡೆದಾಗ ಮಾತ್ರ ನೋಯುವ ಬೇರೆ ಓದುಗರಿಗೆ ಮಾತ್ರ ಇದು: 2021ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ 305 ಜನ ಇದ್ದರು. ನೋವು ಬರುವಷ್ಟು ಜೋರಾಗಿ ನಡೆದು, ನಿಂತು, ಮತ್ತೆ ನಡೆದವರು ವರ್ಷದ ಕೊನೆಗೆ ಆರು ನಿಮಿಷದಲ್ಲಿ ಮೊದಲಿಗಿಂತ ಸರಾಸರಿ 34.5 ಮೀಟರ್ ಹೆಚ್ಚು ನಡೆದರು. ನೋವು ಬರದ ಹಾಗೆ ನಿಧಾನಕ್ಕೆ ನಡೆದವರಿಗೆ ಏನೂ ಹೆಚ್ಚಲಿಲ್ಲ. ಹೃದಯ ತೋರಿಸಿಕೊಂಡು ಶುರು ಮಾಡಿ.

ಕೊನೆಗೆ ಎಡಗಾಲು. 0.82 ಅಂದರೆ ಅಲ್ಲೂ ಕಾಯಿಲೆ ಇದೆ, ಸುಣ್ಣ ಕೂತಿದ್ದರೆ ನಿಜವಾದ ಸಂಖ್ಯೆ ಅದಕ್ಕಿಂತ ಕಡಿಮೆಯೇ ಇರಬಹುದು. ಎಲ್ಲರ ಗಮನ ಬಲಗಾಲಿನ ಮೇಲೆ ಇರುವಾಗ ಎಡಗಾಲಿನಲ್ಲಿ ಚಪ್ಪಲಿ ಕಚ್ಚಿದ್ದು ಯಾರಿಗೂ ಕಾಣುವುದಿಲ್ಲ. ದಿನಾ ರಾತ್ರಿ ಟಾರ್ಚ್ ಹಿಡಿದು ಬೆರಳ ಸಂದು, ಹಿಮ್ಮಡಿ ನೋಡಿ. ಮುಂದಿನ ಸಲ ಟೆಸ್ಟ್ ಮಾಡುವಾಗ ಎರಡೂ ಹೆಬ್ಬೆರಳಿನ ಒತ್ತಡ ನೋಡಲು ಹೇಳಿ.